ಫಾರ್ಮಿನಲ್ಲಿ ಇಲ್ಲದ ಕಾಲಂ

ನಮ್ಮ ಕಡೆ ಹೊಸಬರ ಹೆಸರು ಕೇಳುವ ಮೊದಲೇ ಕೇಳುವ ಪ್ರಶ್ನೆ ಒಂದಿದೆ: "ನಿಮ್ಮದು ಯಾವ ಮನೆ?" ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುತ್ತಾರೆ. ರಕ್ತ ಪರೀಕ್ಷೆಗೆ ಹೋದರೆ ಸೂಜಿ ಹಿಡಿದವಳು ಕೇಳುತ್ತಾಳೆ. ಮನೆಯ ಹೆಸರು ಹೇಳಿದರೆ ಸಾಲದು. ತಾಯಿಯ ಕಡೆ ಯಾರು, ಅಜ್ಜಿಯ ಊರು ಯಾವುದು ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಾರೆ. ಕೊನೆಯ ಮೆಟ್ಟಿಲಿನಲ್ಲಿ ಜಾತಿ ಕೂತಿರುತ್ತದೆ. ಅದು ಸಿಕ್ಕಿದ ಮೇಲೆ ಕೇಳಿದವರ ಮುಖದಲ್ಲಿ ಒಂದು ಸಮಾಧಾನ ಬರುತ್ತದೆ, ಇಲ್ಲವೇ ಇದ್ದ ನಗು ಹೋಗುತ್ತದೆ. ನನ್ನ ತಾಯಿಯ ಮನೆ ಕಾಪುವಿನ ಹತ್ತಿರ. ಆರನೇ ಕ್ಲಾಸಿನಲ್ಲಿದ್ದಾಗ ಗೆಳತಿಯೊಬ್ಬಳ ಮನೆಯ ಜಗಲಿಯಲ್ಲಿ ಕೂತು ಈ ಪ್ರಶ್ನೆಗೆ ನಿಜವಾದ ಉತ್ತರ ಕೊಟ್ಟಿದ್ದೆ. ಆಮೇಲೆ ನನಗೆ ನೀರು ಬೆಲ್ಲ ಕೊಟ್ಟದ್ದು ಅಂಗಳದಲ್ಲಿ. ಅಂದಿನಿಂದ ಈ ಪ್ರಶ್ನೆ ಕೇಳಿದರೆ ನನ್ನ ಮೈ ಉರಿಯುತ್ತದೆ.

ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ನಾನು ಮಾಡಿದ ತಪ್ಪು ಈ ಉರಿಯಿಂದಲೇ ಹುಟ್ಟಿದ್ದು.

ಮಣಿಪಾಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ದುಡಿಮೆಯ ವರ್ಷಗಳೆಲ್ಲ ಕಳೆದವು. ನನಗೆ ಆ ಕೆಲಸ ಹಿಡಿಸಿದ್ದಕ್ಕೆ ಕಾರಣ ಪುಸ್ತಕಪ್ರೇಮ ಎಂದು ಬೀಳ್ಕೊಡುಗೆಯ ದಿನ ಎಲ್ಲರೂ ಭಾಷಣ ಮಾಡಿದರು. ಸುಳ್ಳು. ನನಗೆ ಹಿಡಿಸಿದ್ದು ಕಾರ್ಡುಗಳು. ಒಂದು ಪುಸ್ತಕಕ್ಕೆ ಒಂದು ನಂಬರು, ಆ ನಂಬರಿಗೆ ಒಂದು ಜಾಗ. ಯಾವ ಪುಸ್ತಕವೂ ಪಕ್ಕದ ಪುಸ್ತಕವನ್ನು ನಿನ್ನದು ಯಾವ ಮನೆ ಎಂದು ಕೇಳುವುದಿಲ್ಲ. ಕಂಪ್ಯೂಟರ್ ಬಂದು ಕಾರ್ಡುಗಳೆಲ್ಲ ರದ್ದಿಗೆ ಹೋದ ಮೇಲೂ ನಾನು ಮನೆಯಲ್ಲಿ ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ಹಿಂಬದಿಯ ಖಾಲಿ ಜಾಗದಲ್ಲಿ ಕಾರ್ಡು ಮಾಡಿಕೊಳ್ಳುತ್ತಿದ್ದೆ. ದಪ್ಪ ಕಾಗದ, ಚಂದದ ಬಣ್ಣ, ಬಿಸಾಡಲು ಮನಸ್ಸಾಗುವುದಿಲ್ಲ. ಕತ್ತರಿಸದೆ ಉಳಿದ ಮದುವೆ ಕಾಗದಗಳದ್ದೇ ಒಂದು ಚಪ್ಪಲಿ ಡಬ್ಬಿ ಕಪಾಟಿನ ಮೇಲೆ ಇರುತ್ತಿತ್ತು.

ನಿವೃತ್ತಿಯಾದ ಮೇಲೆ ಬಂದ ವಿಧಾನಸಭಾ ಚುನಾವಣೆಯ ಹೊತ್ತಿಗೆ, ಪಹಣಿಯ ಕೆಲಸಕ್ಕೆಂದು ತಾಲೂಕು ಕಚೇರಿಗೆ ಹೋಗಿದ್ದೆ. ಅಲ್ಲಿ ನೋಟಿಸ್ ಬೋರ್ಡಿನಲ್ಲಿ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ತೂಗು ಹಾಕಿದ್ದರು. ನಾಮಪತ್ರದ ಜೊತೆಗೆ ಪ್ರತಿಯೊಬ್ಬ ಅಭ್ಯರ್ಥಿಯೂ ನೋಟರಿಯ ಮುಂದೆ ಸಹಿ ಹಾಕಿ ಕೊಡಬೇಕಾದ ಕಾಗದ ಅದು. ಎಷ್ಟು ಆಸ್ತಿ, ಎಷ್ಟು ಸಾಲ, ಯಾವ ಕೇಸು, ಎಲ್ಲಿಯವರೆಗೆ ಓದಿದ್ದು, ಎಲ್ಲ ಅದರಲ್ಲಿ ಬರೆದಿರಬೇಕು. ಊರಿಗೆ ಊರೇ ಓದಬೇಕಾದ ಕಾಗದ. ಅದರ ಮುಂದೆ ನಿಂತು ಓದುತ್ತಿದ್ದವರು ಒಬ್ಬರೇ, ಕನ್ನಡಕವನ್ನು ಹಣೆಗೆ ಏರಿಸಿಕೊಂಡ ಒಬ್ಬ ತೆಳ್ಳಗಿನ ಮುದುಕರು. ನಾನೂ ಹೋಗಿ ಪಕ್ಕದಲ್ಲಿ ನಿಂತು ಓದತೊಡಗಿದೆ.

"ಇಂಥದ್ದು ನಾನು ಎಷ್ಟು ಬರ್ದಿದ್ದೇನೆ ಅಂತ ಲೆಕ್ಕ ಇಲ್ಲ ಮೇಡಂ" ಎಂದರು ಅವರು. "ಇದನ್ನು ಓದುವ ಮನುಷ್ಯರನ್ನು ಕಂಡದ್ದು ಇವತ್ತೇ ಮೊದಲು."

ಅವರು ಕಾರ್ಕಳದಲ್ಲಿ ವಕೀಲರೊಬ್ಬರ ಬಳಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಹೀಗೆ ನಾವು ಇಬ್ಬರಾದೆವು. ಕಾಗದ ಓದಿ ಹೇಳುವುದು ಅವರ ಪಾಲು, ಅದನ್ನು ಒಂದೊಂದು ಪುಟಕ್ಕೆ ಇಳಿಸಿ ಎಲ್ಲರಿಗೂ ತಿಳಿಯುವ ಹಾಗೆ ಬರೆಯುವುದು ನನ್ನ ಪಾಲು. ಒಂದು ಮಡಚುವ ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಒಂದು ದಿನ ಉಡುಪಿ, ಒಂದು ದಿನ ಮಣಿಪಾಲ, ಒಂದು ದಿನ ಕಾಪು, ಒಂದು ದಿನ ಕಾರ್ಕಳ ಬಸ್ ಸ್ಟ್ಯಾಂಡ್. ಅನುಮತಿಯ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಜಿಗೆ ಅಂಟಿಸಿದ್ದೆವು. ಅದರ ಪಕ್ಕದಲ್ಲಿ ನಾನೇ ಕೆಂಪು ಸ್ಕೆಚ್ ಪೆನ್ನಿನಲ್ಲಿ ಬರೆದ ಒಂದು ರಟ್ಟು ನಿಲ್ಲಿಸಿದ್ದೆ: "ಇಲ್ಲಿ ಜಾತಿ, ಮನೆತನ ಕೇಳುವುದಿಲ್ಲ, ಹೇಳುವುದಿಲ್ಲ." ಆ ರಟ್ಟಿನ ಮೇಲೆ ನನಗೆ ಎಷ್ಟು ಅಭಿಮಾನವಿತ್ತೆಂದರೆ, ಮಳೆ ಹನಿ ಬಿದ್ದರೆ ಫೈಲುಗಳಿಗಿಂತ ಮೊದಲು ಅದನ್ನು ಎತ್ತಿ ಒಳಗಿಡುತ್ತಿದ್ದೆ.

ಜನ ಬಂದರು ಎಂದು ಬರೆದರೆ ಸುಳ್ಳಾಗುತ್ತದೆ. ಮಣಿಪಾಲದಲ್ಲಿ ಹುಡುಗ ಹುಡುಗಿಯರು ನಿಂತು ಫೋಟೋ ತೆಗೆದುಕೊಂಡು, ತಮ್ಮ ವೋಟು ಬೇರೆ ರಾಜ್ಯದಲ್ಲಿದೆ ಎಂದು ಹೇಳಿ ಹೋದರು. ಉಡುಪಿಯಲ್ಲಿ ಒಬ್ಬರು ಹದಿನೈದು ನಿಮಿಷ ಗಂಭೀರವಾಗಿ ಕೇಳಿಸಿಕೊಂಡು, ಕೊನೆಗೆ ಕುಂದಾಪುರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ಬೆಳ್ಮಣ್ಣಿನಿಂದ ಬಂದ ಒಬ್ಬ ಸಜ್ಜನರು ಅಭ್ಯರ್ಥಿಯೊಬ್ಬನ ಆಸ್ತಿಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿ ತಲೆದೂಗಿದರು. "ಒಳ್ಳೆದಾಯ್ತು. ಇಷ್ಟು ಇದ್ದವನು ನಮ್ಮದನ್ನು ತಿನ್ಲಿಕ್ಕಿಲ್ಲ" ಎಂದು ಹೇಳಿ, ಇಂಥ ಉಪಯುಕ್ತ ಕೆಲಸ ಮಾಡುತ್ತಿರುವುದಕ್ಕೆ ನಮಗೆ ಥ್ಯಾಂಕ್ಸ್ ಹೇಳಿದರು. ಪಕ್ಷದ ಶಾಲು ಹಾಕಿದವರು ದಿನಕ್ಕೊಮ್ಮೆ ಬಂದು, ನೀವು ಯಾವ ಪಕ್ಷದವರು ಎಂದು ಕೇಳಿ, ಯಾವುದೂ ಅಲ್ಲ ಎಂದರೆ ನಂಬದೆ ನಗುತ್ತಿದ್ದರು. ಅವರ ಎದುರು ಪಕ್ಷದವರೂ ಹಾಗೆಯೇ ನಗುತ್ತಿದ್ದರು. ಆ ಒಂದು ವಿಷಯದಲ್ಲಿ ಎರಡೂ ಪಕ್ಷದವರಿಗೆ ಒಮ್ಮತವಿತ್ತು.

ಕಾಪುವಿನಲ್ಲಿ ಮೀನು ಮಾರುವ ಹೆಂಗಸೊಬ್ಬಳು ಮಾರಾಟ ಮುಗಿಸಿ ಬುಟ್ಟಿ ಸೊಂಟಕ್ಕೆ ಇಟ್ಟುಕೊಂಡು ನಮ್ಮ ಮೇಜಿಗೆ ಬಂದಿದ್ದಳು. ಫೈಲನ್ನು ಮುಟ್ಟಲಿಲ್ಲ, ಕೈಯಲ್ಲಿ ಮೀನಿನ ವಾಸನೆ ಇದೆ ಎಂದಳು. ಅವಳೇ ನನ್ನನ್ನು ಪರೀಕ್ಷೆ ಮಾಡುವವಳ ಹಾಗೆ ಕೇಳಿದಳು. "ಅಲ್ಲ ಅಕ್ಕ, ಇಷ್ಟೆಲ್ಲ ಕಾಗದ ಇಟ್ಕೊಂಡಿದ್ದೀರಿ. ಆ ಮನುಷ್ಯ ಯಾರ ಮನೆಯವ, ಅವನ ಅಕ್ಕ ತಂಗಿಯರನ್ನು ಎಲ್ಲಿಗೆ ಕೊಟ್ಟದ್ದು, ಅದು ಬರ್ದದ್ದು ಉಂಟಾ ಇದ್ರಲ್ಲಿ?"

ಇಲ್ಲ ಎಂದೆ.

"ಹಾಗಾದ್ರೆ ಎಂತಕ್ಕೆ ಇದು?" ಎಂದು ಹೇಳಿ ಹೋದಳು. ನಾನು ಗುಮಾಸ್ತರ ಕಡೆ ತಿರುಗಿ, ಈ ದೇಶ ಉದ್ಧಾರವಾಗುವುದಿಲ್ಲ ಎಂದೆ.

ಕಾರ್ಕಳದ ಮೇಜಿಗೆ ಇನ್ನೊಬ್ಬ ಹೆಂಗಸು ಬಂದದ್ದು ನಾಮಪತ್ರ ಹಿಂದೆ ತೆಗೆಯುವ ದಿನ ಕಳೆದ ಮೇಲೆ. ನಲವತ್ತರ ಆಸುಪಾಸು. ಬಜಗೋಳಿಯಿಂದ ಒಳಗೆ ಹೋಗುವ ಒಂದು ಊರಿನವಳು, ಬೀಡಿ ಕಟ್ಟಿ ಸಂಸಾರ ನಡೆಸುವವಳು. ಬೀಡಿ ಕಂಪನಿಯ ಬ್ರಾಂಚಿಗೆ ಕಟ್ಟಿದ ಬೀಡಿ ಕೊಟ್ಟು ಬಂದ ಖಾಲಿ ಚೀಲ ಮಡಚಿ ಕಂಕುಳಲ್ಲಿತ್ತು. ಮಾತಾಡಿದ್ದು ತುಳುವಿನಲ್ಲಿ, ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ರಟ್ಟಿನ ಮೇಲಿದ್ದುದನ್ನು ತುಟಿ ಅಲ್ಲಾಡಿಸುತ್ತ ಎರಡು ಸಲ ಓದಿದಳು. ಆಮೇಲೆ ಕುರ್ಚಿಯ ತುದಿಯಲ್ಲಿ ಕೂತು ಫೋನಿನಲ್ಲಿ ಒಂದು ಫೋಟೋ ತೋರಿಸಿದಳು.

ಗೋಡೆಯ ಬಿರುಕಿನ ಫೋಟೋ. ನೆಲದಿಂದ ಹೊರಟ ಬಿರುಕು ಕಿಟಕಿಯ ಮೂಲೆಯವರೆಗೆ ಏರಿತ್ತು. ಅದರ ಉದ್ದಕ್ಕೂ ಅಲ್ಲಲ್ಲಿ ಪೆನ್ಸಿಲಿನಲ್ಲಿ ಸಣ್ಣ ಅಡ್ಡಗೆರೆ, ಪಕ್ಕದಲ್ಲಿ ತಾರೀಕು. ಊರಿನ ಮೇಲ್ಭಾಗದಲ್ಲಿ ಕಗ್ಗಲ್ಲಿನ ಕೋರೆ ಇದೆ. ಮಧ್ಯಾಹ್ನ ಅಲ್ಲಿ ಮದ್ದು ಇಟ್ಟು ಬಂಡೆ ಸಿಡಿಸುತ್ತಾರೆ. ಸಿಡಿಸಿದ ಮೇಲೆ ಬಿರುಕು ಎಲ್ಲಿಯವರೆಗೆ ಬಂತು ಎಂದು ಇವಳು ಗೆರೆ ಎಳೆದು ತಾರೀಕು ಹಾಕುತ್ತಾಳೆ. ಬಾವಿಯ ನೀರು ಆ ದಿನ ಅಕ್ಕಿ ತೊಳೆದ ನೀರಿನ ಹಾಗೆ ಕದಡುತ್ತದೆ, ಬೇಸಗೆಯಲ್ಲಿ ಇರುವುದೇ ಇಲ್ಲ. ಯಾರೂ ಹೇಳಿಕೊಡದೆ ಇಂಥ ದಾಖಲೆ ಇಟ್ಟವಳನ್ನು ಕಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ಅವಳ ಗೋಡೆ ಒಡೆಯುತ್ತಿದೆ ಎಂಬುದು ಒಂದು ಕ್ಷಣ ಮರೆತೇಹೋಯಿತು.

ಕೋರೆಯ ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಮುಂದುವರಿಸಬಾರದು ಎಂದು ಆ ಊರಿನ ಮನೆಗಳವರೆಲ್ಲ ಸೇರಿ ತಕರಾರು ಅರ್ಜಿ ಕೊಟ್ಟಿದ್ದರು. ಮೊದಲನೇ ಸಹಿ ಇವಳದ್ದು. ಅರ್ಜಿ ಹಿಡಿದು ಮಣಿಪಾಲದ ಜಿಲ್ಲಾ ಕಚೇರಿಗೆ ಇವಳೇ ಅಲೆದಿದ್ದಳು. ಒಂದು ದಿನದ ಅಲೆದಾಟ ಎಂದರೆ ಒಂದು ದಿನದ ಬೀಡಿ ಇಲ್ಲ. ಚುನಾವಣೆ ಮುಗಿದ ಮೇಲೆ ವಿಚಾರಣೆ ಎಂದು ಹೇಳಿದ್ದರು. ಈ ನಡುವೆ ಪಕ್ಷೇತರನಾಗಿ ನಿಂತ ಒಬ್ಬ ಅಭ್ಯರ್ಥಿ ಇವರ ಊರಿಗೆ ಬಂದು, ಇವಳ ಮನೆಯ ಜಗಲಿಯಲ್ಲೇ ಕೂತು ಒಂದು ಮಾತು ಹೇಳಿದ್ದ. ತಕರಾರು ಹೀಗೆಯೇ ಇದ್ದರೆ ಕೋರೆಯವರು ಹೈಕೋರ್ಟಿಗೆ ಹೋಗುತ್ತಾರೆ, ವರ್ಷಗಟ್ಟಲೆ ಎಳೆಯುತ್ತಾರೆ, ಅಷ್ಟರಲ್ಲಿ ನಿಮ್ಮ ಗೋಡೆ ಇರುವುದಿಲ್ಲ. ಅರ್ಜಿ ಹಿಂದೆ ತೆಗೆದುಕೊಳ್ಳಿ. ನಾನು ಅವರ ಹತ್ತಿರ ಮಾತಾಡಿ ಮದ್ದು ಇಡುವುದನ್ನು ನಿಲ್ಲಿಸುತ್ತೇನೆ, ಗೆದ್ದ ಮೇಲೆ ಸರಕಾರದಿಂದಲೇ ಕೋರೆ ಮುಚ್ಚಿಸುತ್ತೇನೆ. ಅವನು ಹೇಳಿ ಹೋದ ಮರುದಿನದಿಂದ ಸಿಡಿತ ನಿಂತಿತ್ತು. ನಿಜವಾಗಿಯೂ ನಿಂತಿತ್ತು.

"ನನಗೆ ಅವರ ಆಸ್ತಿ ಎಷ್ಟು ಅಂತ ಬೇಡ ಅಕ್ಕ" ಎಂದಳು. "ಒಂದೇ ಒಂದು ಹೇಳಿ. ಅವರಿಗೂ ಆ ಕೋರೆಗೂ ಸಂಬಂಧ ಉಂಟಾ ಇಲ್ವಾ? ಇಲ್ಲಾಂದ್ರೆ ನಾವು ಅರ್ಜಿ ಹಿಂದೆ ತೆಗಿತೇವೆ. ಉಂಟು ಅಂದ್ರೆ ತೆಗಿಯುದಿಲ್ಲ. ನಾನು ಹೇಳಿದ ಹಾಗೆ ಊರಿನವರು ಕೇಳ್ತಾರೆ. ಅದೇ ನನಗೆ ಹೆದರಿಕೆ."

ಅಷ್ಟು ದಿನ ಬಿಸಿಲಲ್ಲಿ ಕೂತದ್ದಕ್ಕೆ ಒಬ್ಬಳಾದರೂ ಸರಿಯಾದ ಪ್ರಶ್ನೆ ಕೇಳಿದಳು ಎಂದು ನಾನು ಉಬ್ಬಿಹೋದೆ. ಮೂರು ದಿನ ಕೊಡು ಎಂದೆ. ಇಂಥ ಪ್ರಶ್ನೆಗಾಗಿಯೇ ನಾನು ಹುಟ್ಟಿದ್ದೇನೆ ಎಂಬ ಹಾಗೆ ಕೆಲಸಕ್ಕೆ ಕೂತೆ.

ಆ ಅಭ್ಯರ್ಥಿಯನ್ನು ನಾನೂ ಕಂಡಿದ್ದೆ. ಪ್ರಚಾರದ ಮೊದಲ ವಾರ ಉಡುಪಿಯ ನಮ್ಮ ಮೇಜಿಗೆ ಬಂದು ಕೈಮುಗಿದಿದ್ದ. ಬೇರೆ ಯಾವ ಅಭ್ಯರ್ಥಿಯೂ ಬಂದಿರಲಿಲ್ಲ. ತನ್ನದೇ ಪುಟವನ್ನು ತೆಗೆದು ಓದಿ, "ಒಂದು ಸೊನ್ನೆಯೂ ಹೆಚ್ಚು ಕಮ್ಮಿ ಇಲ್ಲ, ನಿಮ್ಮಂಥವರು ಬೇಕು ಅಕ್ಕ" ಎಂದಿದ್ದ. ಆಮೇಲೆ, ಬಿಡಲಾಗದ ಅಭ್ಯಾಸವಲ್ಲವೇ, "ನಿಮ್ಮದು ಯಾವ ಮನೆ ಆಯ್ತು?" ಎಂದು ಕೇಳಿದ. ನಾನು ಬೆರಳಿನಲ್ಲಿ ರಟ್ಟನ್ನು ತೋರಿಸಿದೆ. ಅವನು ಓದಿ ಜೋರಾಗಿ ನಕ್ಕ. "ಆಯ್ತಾಯ್ತು. ನೀವು ಹೇಳುದು ಬೇಡ. ನಾವೂ ಹೇಳುದಿಲ್ಲ." ಅವತ್ತು ಆ ಮಾತು ನನಗೆ ಸೌಜನ್ಯದ ಹಾಗೆ ಕೇಳಿಸಿತ್ತು.

ಪ್ರಮಾಣಪತ್ರದಲ್ಲಿ ಆಸ್ತಿಯ ಪುಟಕ್ಕೆ ಕೆಲವೇ ಕಾಲಂಗಳು. ಅಭ್ಯರ್ಥಿಯದ್ದು, ಹೆಂಡತಿ ಅಥವಾ ಗಂಡನದ್ದು, ಅವಿಭಕ್ತ ಕುಟುಂಬದ್ದು, ಅವಲಂಬಿತರದ್ದು. ನಾನು ಒಂದೊಂದನ್ನೂ ಕೋರೆಯ ಕಾಗದದ ಜೊತೆ ಇಟ್ಟು ನೋಡಿದೆ. ಪರವಾನಗಿಯ ಪ್ರತಿಯನ್ನು ಆ ಹೆಂಗಸೇ ಕೊಟ್ಟಿದ್ದಳು, ಪರವಾನಗಿ ಇದ್ದವನ ಹೆಸರು ಅದರಲ್ಲಿತ್ತು. ಹೆಸರಿನ ಕೊನೆಯಲ್ಲಿರುವ ಜಾತಿಸೂಚಕ ನಮ್ಮ ಜಿಲ್ಲೆಯಲ್ಲಿ ಕಲ್ಲು ಎಸೆದಲ್ಲೆಲ್ಲ ಸಿಗುವಂಥದ್ದು, ಅದರಿಂದ ಏನೂ ಗೊತ್ತಾಗುವ ಹಾಗಿಲ್ಲ. ಅಭ್ಯರ್ಥಿಯ ಹೆಂಡತಿಯ ಹೆಸರಲ್ಲಿ ಕೋರೆ ಇಲ್ಲ. ಇಬ್ಬರು ಮಕ್ಕಳ ಹೆಸರಲ್ಲಿ ಇಲ್ಲ. ಅವನು ಪಾಲುದಾರನಾಗಿರುವ ಎರಡು ವ್ಯವಹಾರಗಳಲ್ಲಿ ಕೋರೆಯವನ ಹೆಸರಿಲ್ಲ.

ಇನ್ನು ಚುನಾವಣೆಯ ಖರ್ಚು. ಅಭ್ಯರ್ಥಿ ದಿನವೂ ಬರೆದಿಡಬೇಕಾದ ಖರ್ಚಿನ ಪುಸ್ತಕವಿದೆ, ಅದರ ಪ್ರತಿಯನ್ನು ಶುಲ್ಕ ಕಟ್ಟಿ ಯಾರೂ ತೆಗೆದುಕೊಳ್ಳಬಹುದು. ತೆಗೆದುಕೊಂಡೆವು. ಜೀಪಿನ ಬಾಡಿಗೆ, ಮೈಕು, ಶಾಮಿಯಾನ, ಊಟ. ದೇಣಿಗೆ ಕೊಟ್ಟವರಲ್ಲಿ ದೊಡ್ಡ ಮೊತ್ತ ಕಾಪುವಿನ ಒಂದು ಲಾರಿ ಸಾಗಾಟದ ಸಂಸ್ಥೆಯದ್ದು. ಅದರ ಮಾಲಕಿ ಒಬ್ಬ ಹೆಂಗಸು. ಅವಳು ಅಭ್ಯರ್ಥಿಯ ಹೆಂಡತಿಯೂ ಅಲ್ಲ, ಮಗಳೂ ಅಲ್ಲ. ನಾನು ಆ ಸಾಲಿನ ಮುಂದೆ ಒಂದು ಟಿಕ್ ಹಾಕಿ ಮುಂದೆ ಹೋದೆ.

ಗುಮಾಸ್ತರು ಮುಂದೆ ಹೋಗಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು ಕೂತರು.

"ಮೇಡಂ, ಈ ಲಾರಿಯವಳು ಯಾರು ಅಂತ ಒಮ್ಮೆ ನೋಡ್ಬೇಕಲ್ವಾ? ಇವರ ಅಕ್ಕ ತಂಗಿ ಏನಾದ್ರೂ ಇರಬಹುದಾ?"

"ಅಕ್ಕ ತಂಗಿಗೆ ಫಾರ್ಮಿನಲ್ಲಿ ಕಾಲಂ ಇಲ್ಲ" ಎಂದೆ.

"ಕಾಲಂ ಇಲ್ಲ, ಹೌದು. ಆದ್ರೆ ನಮ್ಮ ಊರಲ್ಲಿ..." ಎಂದು ತಡೆದರು. "ಕಾಪುವಿಗೆ ಒಂದು ಫೋನ್ ಮಾಡಿ ಯಾವ ಮನೆಯವರು ಅಂತ ಕೇಳಿದ್ರೆ ಮುಗೀತು ಮಾರಾಯ್ರೆ. ನಿಮ್ಮ ತಾಯಿ ಮನೆ ಅಲ್ಲಿಯೇ ಅಲ್ವಾ?"

ನಾನು ರೇಗಿದೆ. ಕಾಗದ ಮಾತಾಡುವಷ್ಟು ಮಾತ್ರ ನಾವು ಮಾತಾಡುವುದು, ಮನೆತನ ಕೆದಕುವುದಾದರೆ ನಮಗೂ ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೂ ವ್ಯತ್ಯಾಸ ಏನು, ಇವತ್ತು ಅಕ್ಕ ಯಾರು ಎಂದು ಕೇಳಿದರೆ ನಾಳೆ ಜಾತಿ ಯಾವುದು ಎಂದು ಕೇಳುತ್ತೇವೆ, ಎಂದೆಲ್ಲ ಹೇಳಿದೆ. ಒಳ್ಳೆಯ ಭಾಷಣ. ಬೀಳ್ಕೊಡುಗೆಯ ದಿನ ಯಾರಾದರೂ ಹೀಗೆ ಮಾತಾಡಿದ್ದರೆ ನಾನೇ ಚಪ್ಪಾಳೆ ತಟ್ಟುತ್ತಿದ್ದೆ. ಗುಮಾಸ್ತರು ನನಗಿಂತ ಹಿರಿಯರು, ಜೀವನವೆಲ್ಲ ವಕೀಲರ ಬೈಗುಳ ತಿಂದು ಅಭ್ಯಾಸವಾದವರು. "ಆಯ್ತು ಮೇಡಂ" ಎಂದು ಬೆರಳು ತೆಗೆದರು.

ಓದುವವರಿಗೆ ಇಷ್ಟರಲ್ಲೇ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲಿಲ್ಲ. ನಾನೋ, ಹುಟ್ಟಿನಿಂದ ಅಳಿಯಸಂತಾನದ ಕಟ್ಟಿನವಳು. ಹಿರಿಯರ ಆ ಕಟ್ಟಿನಲ್ಲಿ ಗಂಡಸಿನ ವಾರಸುದಾರ ಅವನ ಮಗನಲ್ಲ, ಅಕ್ಕತಂಗಿಯರ ಮಗ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಈಗ ಆಸ್ತಿ ಮಕ್ಕಳಿಗೂ ಹೋಗುತ್ತದೆ. ಆದರೆ ನಂಬಿಕೆಯ ದುಡ್ಡು, ಹೇಳಿಕೊಳ್ಳಲಾಗದ ದುಡ್ಡು, ನಾಳೆ ಬೇಕಾದೀತು ಎಂದು ಇಡುವ ದುಡ್ಡು ಈಗಲೂ ಅಕ್ಕನ ಮನೆಗೇ ಹೋಗುತ್ತದೆ. ನನ್ನ ಸೋದರಮಾವ ತನ್ನ ಗದ್ದೆಯ ಕಾಗದವನ್ನು ಹೆಂಡತಿಯ ಕೈಗೆ ಕೊಡದೆ ನನ್ನ ಅಮ್ಮನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅದನ್ನು ಕಣ್ಣಾರೆ ನೋಡಿ ಬೆಳೆದವಳು ನಾನು. ಹೊರಗಿನವರು ಮಾಡಿದ ಫಾರ್ಮಿಗೆ ಇದು ಗೊತ್ತಿಲ್ಲದಿದ್ದರೆ ಅದರ ತಪ್ಪಲ್ಲ. ಈ ಮಣ್ಣಿನಲ್ಲಿ ಹುಟ್ಟಿದ ನಾನು ಫಾರ್ಮಿನ ಕಣ್ಣಿನಿಂದಲೇ ನೋಡಿದೆ. ಜಾತಿ ಕೇಳಬಾರದೆಂಬ ಹಟದಲ್ಲಿ, ಮನುಷ್ಯನಿಗೊಬ್ಬ ಅಕ್ಕ ಇರಬಹುದು ಎಂಬುದನ್ನೇ ಕೇಳದೆ ಬಿಟ್ಟೆ.

ಮೂರನೇ ದಿನ ಅವಳು ಬಂದಳು. ನಾನು ಒಂದು ಪುಟ ಬರೆದು ಇಟ್ಟಿದ್ದೆ. ಯಾವ ಯಾವ ಕಾಗದ ನೋಡಿದೆ ಎಂಬ ಪಟ್ಟಿ, ಕೊನೆಯಲ್ಲಿ "ಸಂಬಂಧ ಕಂಡುಬಂದಿಲ್ಲ" ಎಂಬ ಸಾಲು, ಅದರ ಕೆಳಗೆ ಸಹಿ. ಸಹಿ ಬೇಕು ಎಂದು ಅವಳು ಕೇಳಿರಲಿಲ್ಲ. ನನಗೆ ನನ್ನ ಕೆಲಸದ ಮೇಲೆ ಅಷ್ಟು ಧೈರ್ಯ.

"ಅಂದ್ರೆ ಇಲ್ಲ ಅಂತಲಾ?" ಎಂದು ಕೇಳಿದಳು.

"ಇಲ್ಲ" ಎಂದೆ.

ಏನೋ ಕೇಳಲು ಬಾಯಿ ತೆರೆದಳು. ಕಣ್ಣು ರಟ್ಟಿನ ಕಡೆ ಹೋಯಿತು. ಸುಮ್ಮನಾಗಿ, ಪುಟವನ್ನು ನಾಲ್ಕು ಮಡಿಕೆ ಮಾಡಿ ಖಾಲಿ ಚೀಲದೊಳಗೆ ಇಟ್ಟುಕೊಂಡಳು. ಬಸ್ಸು ಬಂತು ಎಂದು ಎದ್ದು ಹೋದಳು.

ಅರ್ಜಿಯನ್ನು ಆ ವಾರವೇ ಹಿಂದೆ ತೆಗೆದುಕೊಂಡರು. ಅವಳು ಹೇಳಿದ ಹಾಗೆ ಊರಿನವರು ಕೇಳಿದರು. ನಮಗೆ ಯಾವ ತಕರಾರೂ ಇಲ್ಲ ಎಂದು ಬರೆದುಕೊಟ್ಟ ಕಾಗದದಲ್ಲಿಯೂ ಮೊದಲನೇ ಸಹಿ ಅವಳದ್ದೇ.

ಅಭ್ಯರ್ಥಿ ಸೋತ. ಸೋತದ್ದರಿಂದ ಅವನ ಮುಖ ಬಾಡಿದ್ದನ್ನು ಯಾರೂ ನೋಡಲಿಲ್ಲ. ಫಲಿತಾಂಶದ ದಿನ ಮಧ್ಯಾಹ್ನವೇ ಮತದಾರರಿಗೆ ಥ್ಯಾಂಕ್ಸ್ ಹೇಳುವ ಫ್ಲೆಕ್ಸ್ ಹಾಕಿಸಿದ್ದ, ನಗುತ್ತಿದ್ದ ಫೋಟೋ. ನನಗೆ ಈಗ ಒಂದೊಂದು ಸಲ ಅನ್ನಿಸುತ್ತದೆ, ಅವನು ಚುನಾವಣೆಗೆ ನಿಂತದ್ದೇ ಆ ಒಂದು ಅರ್ಜಿಗಾಗಿಯೋ ಏನೋ. ಒಳ್ಳೆಯ ವಕೀಲರನ್ನು ಇಡುವುದಕ್ಕಿಂತ ಅಗ್ಗವಾಗಿರಬೇಕು. ಇದಕ್ಕೆ ನನ್ನ ಹತ್ತಿರ ಆಧಾರವಿಲ್ಲ. ಆಧಾರವಿದ್ದದ್ದನ್ನೇ ತಪ್ಪಾಗಿ ಹೇಳಿದವಳು ನಾನು, ಇದನ್ನೂ ಹೇಳಿಬಿಡುತ್ತೇನೆ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಗುಮಾಸ್ತರು ಫೋನ್ ಮಾಡಿದರು. ಯಾವತ್ತೂ ಕುಶಲ ಕೇಳಿ ಮಾತು ಶುರುಮಾಡುವವರು, ಅವತ್ತು ಕೇಳಲಿಲ್ಲ.

"ಕೋರೆಗೆ ಮತ್ತೆ ಕೊಟ್ಟಿದ್ದಾರೆ ಮೇಡಂ. ತಕರಾರು ಯಾರದ್ದೂ ಇರ್ಲಿಲ್ಲವಲ್ಲ. ನಾನು ನಿನ್ನೆ ಕಾಪುವಿಗೆ ಫೋನ್ ಮಾಡಿದ್ದೆ. ಒಂದೇ ಫೋನ್. ಆ ಲಾರಿಯ ಹೆಂಗಸು ಇವರ ದೊಡ್ಡ ಅಕ್ಕ. ಕೋರೆಯವನು ಅವಳ ಮಗ."

"ನಾನು ಆಗಲೇ ಮಾಡ್ಬೇಕಿತ್ತು. ನಿಮ್ಮ ಮಾತು ಮೀರ್ಬಾರದು ಅಂತ ಸುಮ್ಮನಾದೆ" ಎಂದರು. ನನ್ನನ್ನು ಬೈಯುವ ಬದಲು ತಮ್ಮನ್ನೇ ಬೈದುಕೊಂಡರು. ಅದು ನನಗೆ ಹೆಚ್ಚು ಚುಚ್ಚಿತು.

ಫೋನ್ ಇಟ್ಟ ಮೇಲೆ ಕೋರೆಯವನ ಹೆಸರನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡೆ. ಪರವಾನಗಿಯ ಕಾಗದದಲ್ಲಿ ನೋಡಿದಾಗ ಅದು ಬರೀ ಹೆಸರು. ಈಗ ಅಕ್ಕ, ಮಾವ, ಕಾಪು ಎಂದು ಸೇರಿಸಿ ಹೇಳಿದಾಗ ಅದು ಒಬ್ಬ ಮದುಮಗನಾಯಿತು. ಕುರ್ಚಿ ಹತ್ತಿ ಚಪ್ಪಲಿ ಡಬ್ಬಿ ಇಳಿಸಿದೆ. ಕಾಗದ ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನನ್ನ ಜೊತೆ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳ ಮಗಳ ಮದುವೆ, ಎಷ್ಟೋ ವರ್ಷದ ಹಿಂದಿನದು. ವರನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು. ಅದರ ಕೆಳಗೆ ನಮ್ಮ ಪದ್ಧತಿಯ ಹಾಗೆ, ಇಂಥವರ ಸೋದರಳಿಯ ಎಂದು ಮಾವನ ಹೆಸರು, ಬಂಗಾರದ ಅಕ್ಷರದಲ್ಲಿ. ನಾನು ಆ ಮದುವೆಗೆ ಹೋಗಿದ್ದೆ. ಧಾರೆಯ ಹೊತ್ತಿಗೆ ಮಾವ ಅಳಿಯನ ಪಕ್ಕದಲ್ಲೇ ನಿಂತಿದ್ದ, ಆ ಮುಖ ನನ್ನ ನೆನಪಿನಲ್ಲಿ ಉಳಿದಿರಲಿಲ್ಲ. ನಾನು ಎರಡನೇ ಪಂಕ್ತಿಯಲ್ಲಿ ಕೂತು ಪಾಯಸ ಎರಡು ಸಲ ಹಾಕಿಸಿಕೊಂಡಿದ್ದೆ. ಜಿಲ್ಲೆಯ ಕಚೇರಿಗಳನ್ನೆಲ್ಲ ಸುತ್ತಿ, ಶುಲ್ಕ ಕಟ್ಟಿ, ಪ್ರತಿ ತೆಗೆಸಿ ಹುಡುಕಿದ ಸಂಬಂಧ ನನ್ನ ತಲೆಯ ಮೇಲಿನ ಕಪಾಟಿನಲ್ಲಿ ಇತ್ತು. ನನಗೆ ನಗು ಬಂತು, ಆಮೇಲೆ ಹೇಸಿಗೆಯಾಯಿತು. ಕತ್ತರಿಸಿ ಕಾರ್ಡು ಮಾಡಿದ್ದರಾದರೂ ಕತ್ತರಿಸುವಾಗ ಒಮ್ಮೆ ಓದುತ್ತಿದ್ದೆನೋ ಏನೋ.

ಎರಡು ದಿನ ಮನೆಯಿಂದ ಹೊರಗೆ ಹೋಗಲಿಲ್ಲ. ಮೂರನೇ ದಿನ ಕಾರ್ಕಳದ ಬಸ್ಸು ಹಿಡಿದು, ಅಲ್ಲಿಂದ ಬಜಗೋಳಿಗೆ ಹೋಗಿ, ರಿಕ್ಷಾ ಮಾಡಿಕೊಂಡು ಅವಳ ಮನೆಗೆ ಹೋದೆ. ದಾರಿಯಲ್ಲಿ ಎರಡು ಲಾರಿಗಳಿಗೆ ಸೈಡ್ ಕೊಡಬೇಕಾಯಿತು. ರಿಕ್ಷಾದವನು ಕನ್ನಡಿಯಲ್ಲಿ ನೋಡುತ್ತ, ನಿಮ್ಮದು ಯಾವ ಮನೆ ಎಂದು ಕೇಳಿದ. ಹೇಳಿದೆ. ತಾಯಿಯ ಮನೆಯನ್ನೂ ಹೇಳಿದೆ. ಅವನು ಕೇಳದೆ ಇದ್ದ ಅಜ್ಜಿಯ ಊರನ್ನೂ ಹೇಳಿದೆ.

ಅವಳು ಜಗಲಿಯಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಮೊರದಂಥ ಸೂಪು ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ನನ್ನನ್ನು ಕಂಡು ಏಳಲು ಹೋದಳು, ಬೇಡ ಎಂದು ಎದುರಿಗೆ ಕೂತೆ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿ, ತಪ್ಪಾಯಿತು ಎಂದು ಮಾತ್ರ ಹೇಳಿದೆ. ಅಕ್ಕನ ವಿಷಯ ಹೇಳಿದೆ. ಗುಮಾಸ್ತರು ಕೇಳೋಣ ಎಂದದ್ದು, ನಾನು ಬೇಡ ಎಂದದ್ದು, ಮದುವೆ ಕಾಗದ, ಯಾವುದನ್ನೂ ಬಿಡಲಿಲ್ಲ. ಅವಳ ಬೆರಳು ಒಂದು ಸಲವೂ ನಿಲ್ಲಲಿಲ್ಲ. ಎಲೆ ಸುರುಳಿ ಸುತ್ತಿ, ನೂಲು ಕಟ್ಟಿ, ಪಕ್ಕಕ್ಕೆ ಇಡುತ್ತಲೇ ಇದ್ದಳು.

"ಗೊತ್ತಾಯ್ತು ಅಕ್ಕ. ಕೋರೆಯ ಲಾರಿಯವನೇ ಹೇಳಿದ" ಎಂದಳು ಕೊನೆಗೆ. "ಆ ಕೋರೆಯವನ ತಾ‍ಯಿ ಕಾಪುವಿನವರು ಅಂತ ಅಷ್ಟು ನನಗೆ ಮೊದ್ಲೇ ಗೊತ್ತಿತ್ತು."

"ಮತ್ತೆ ನನ್ನ ಹತ್ತಿರ ಹೇಳಲಿಲ್ಲ ಯಾಕೆ?"

"ಹೇಳ್ಬೇಕು ಅಂತಲೇ ಇತ್ತು. ನಿಮ್ಮ ಮನೆ ಎಲ್ಲಿ ಅಂತ ಕೇಳಿ, ಕಾಪು ಕಡೆಯವರಾದ್ರೆ ಅವರ ಮನೆ ವಿಷಯ ವಿಚಾರಿಸುವಾ ಅಂತ. ಆದ್ರೆ ಅಲ್ಲಿ ಕೆಂಪಲ್ಲಿ ಬರ್ದಿತ್ತಲ್ಲ, ಮನೆತನ ಕೇಳ್ಬಾರ್ದು ಅಂತ. ಓದಿದವರ ಮುಂದೆ ನಾನು ಸಣ್ಣವಳಾಗ್ಬಾರ್ದಲ್ವಾ. ಸುಮ್ಮನಾದೆ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನನ್ನು ಯಾರೋ ಅಂಗಳಕ್ಕೆ ಇಳಿಸಿದರು ಎಂದು ಇಷ್ಟು ವರ್ಷ ಉರಿದುಕೊಂಡೆ. ನಾನೂ ಇವಳನ್ನು ಅಂಗಳದಲ್ಲೇ ನಿಲ್ಲಿಸಿದ್ದೆ, ಕೆಂಪು ಅಕ್ಷರದಲ್ಲಿ ಬರೆದು. ಊರಿನವರು ಈಗ ಏನನ್ನುತ್ತಾರೆ ಎಂದು ಕೇಳಿದೆ. ಏನೂ ಅನ್ನುವುದಿಲ್ಲ, ಮಾತಾಡುವುದಿಲ್ಲ ಅಷ್ಟೇ, ಎಂದಳು. ಪಕ್ಕದ ಮನೆಯ ಬಾವಿಯಲ್ಲಿ ಸ್ವಲ್ಪ ನೀರು ಉಂಟು, ಮೊದಲು ಅಲ್ಲಿಂದ ತರುತ್ತಿದ್ದಳು. ಈಗ ಅಲ್ಲಿಗೆ ಹೋಗಲು ಅವಳಿಗೆ ಮುಖವಿಲ್ಲ.

ನಾವು ಹಾಗೆ ಕೂತಿದ್ದಾಗಲೇ ಮೇಲೆ ಮದ್ದು ಸಿಡಿಯಿತು. ನಾನು ಎಣಿಸಿದಷ್ಟು ದೊಡ್ಡ ಶಬ್ದವಲ್ಲ. ಆದರೆ ಜಗಲಿ ಕೆಳಗಿನಿಂದ ನೂಕಿದ ಹಾಗೆ ಒಮ್ಮೆ ಅಲುಗಿತು, ಸೂಪಿನಲ್ಲಿ ಕಟ್ಟಿಟ್ಟ ಬೀಡಿಗಳು ಹೊರಳಿದವು. ಅವಳು ಸೂಪನ್ನು ಬದಿಗಿಟ್ಟು ಒಳಗೆ ಹೋದಳು, ನಾನೂ ಹಿಂದೆ ಹೋದೆ. ಫೋಟೋದಲ್ಲಿ ನೋಡಿದ್ದ ಬಿರುಕು ಈಗ ಕಿಟಕಿಯನ್ನು ದಾಟಿ ಮಾಡನ್ನು ಹೊತ್ತ ಮರದ ಪಕ್ಕಾಸಿನವರೆಗೆ ಹೋಗಿತ್ತು. ಕೆಳಗಿನ ಗೆರೆಗಳು ಒತ್ತೊತ್ತಾಗಿದ್ದವು. ನಡುವೆ ಒಂದು ಕಡೆ ಮಾತ್ರ ಬಹಳ ದಿನಗಳ ತಾರೀಕು ಇರಲಿಲ್ಲ, ಅದು ಪ್ರಚಾರದ ಸಮಯ.

ಅವಳು ಮೂಲೆಯಲ್ಲಿದ್ದ ಸ್ಟೂಲನ್ನು ತಂದು ಗೋಡೆಗೆ ತಾಗಿಸಿ ಇಟ್ಟಳು. ಕಿಟಕಿಯ ಮೇಲಿನಿಂದ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟಳು.

"ನನ್ನ ಕೈ ಅಲ್ಲಿವರೆಗೆ ಎತ್ತುದಿಲ್ಲ ಅಕ್ಕ, ನೀವು ಉದ್ದ ಇದ್ದೀರಿ. ತಾರೀಕು ಹಾಕಿ. ನಿಮ್ಮ ಅಕ್ಷರವೂ ಚಂದ ಉಂಟು, ಆ ಕಾಗದದಲ್ಲಿ ನೋಡಿದ್ದೇನೆ."

ನಾನು ಸ್ಟೂಲ್ ಹತ್ತಿದೆ. ಬಿರುಕಿನ ತುದಿಯಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ಅಂದಿನ ತಾರೀಕು ಬರೆದೆ. ಇಳಿಯಲು ಹೊರಟಾಗ ಅವಳು ಸ್ಟೂಲನ್ನು ಹಿಡಿದುಕೊಂಡೇ ಇದ್ದಳು.

"ಸಹಿ ಕೂಡ ಹಾಕಿ" ಎಂದಳು.

ಹಾಕಿದೆ.